ಹಸಿರು ಬಳೆ ಬಿಗಿದ ಮಧ್ಯಾಹ್ನ

ಬಾಗಿಲಲ್ಲಿ ನಿಂತ ಹುಡುಗಿ ಒಳಗೆ ಬರಲು ಒಪ್ಪಲಿಲ್ಲ. ರಾಧಿಕಾ ತಂದುಕೊಟ್ಟ ನೀರನ್ನೂ ಮುಟ್ಟಲಿಲ್ಲ. ಬಲಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು, ಮನೆಯೊಳಗೆ ಒಮ್ಮೆ ಇಣುಕಿ ನೋಡಿ, ದನಿ ತಗ್ಗಿಸಿ ಹೇಳಿದಳು.

"ಅಕ್ಕಾರ, ಸಾನಿಕಾಗ ಬಳಿ ಇಡಸೂದು ಎಲ್ಲೆರ ಮಾಡ್ರಿ. ಖಾನಾಪುರದ ಆ ತ್ವಾಟದ ಮನ್ಯಾಗ ಮಾತ್ರ ಬ್ಯಾಡ್ರಿ. ಅಲ್ಲಿ ಯಾರೋ ಏನೋ ಹುಗದಾರ."

ರಾಧಿಕಾಗೆ ನಗು ಬಂತು. ಮೈಸೂರಿನವಳು ಅವಳು. ಮದುವೆ ಸಮಾರಂಭಗಳ ವ್ಯವಸ್ಥೆ ಮಾಡಿಕೊಡುವ ಕೆಲಸದಲ್ಲಿ ಆರು ವರ್ಷ ಕಳೆದು, ಎಂಟು ತಿಂಗಳ ಹಿಂದೆ ಪರಾಗನನ್ನು ಮದುವೆಯಾಗಿ ಬೆಳಗಾವಿಯ ರಾಮತೀರ್ಥ ನಗರಕ್ಕೆ ಬಂದಿದ್ದಳು. ನಾದಿನಿ ಸಾನಿಕಾಳ ಮದುವೆಗೆ ಇನ್ನು ಹನ್ನೆರಡೇ ದಿನ. ಅದಕ್ಕೆ ಮೊದಲು ಅವಳಿಗೊಂದು ಬ್ರೈಡಲ್ ಶವರ್ ಮಾಡಬೇಕೆಂದು ರಾಧಿಕಾ ಹಟ ಹಿಡಿದಿದ್ದಳು. ಹೆಂಗಸರಷ್ಟೇ ಸೇರುವುದು, ಹಾಡು, ಆಟ, ಉಡುಗೊರೆ. ಹಿರಿಯರ ಸಮಾಧಾನಕ್ಕೆ ಹಸಿರು ಬಳೆ ಇಡಿಸುವ ಶಾಸ್ತ್ರ. ವರ ವಿನೀತ ಖಾನಾಪುರದಲ್ಲಿ ದನಗಳ ಡಾಕ್ಟರು. ಜಾಂಬೋಟಿ ರಸ್ತೆಯಲ್ಲಿದ್ದ ತಮ್ಮ ತೋಟದ ಮನೆಯನ್ನು ಅವನೇ ಮುಂದೆ ಬಂದು ಬಿಟ್ಟುಕೊಟ್ಟಿದ್ದ.

"ನೀವು ಯಾರು?"

"ರೂಪಾಲಿ. ಎರಡ ವರ್ಷದ ಹಿಂದ ಅದ ಮನ್ಯಾಗ, ವಿನೀತನ ಹೆಸರಿಲೆ ನನಗ ಬಳಿ ಇಡಸಿದ್ರು."

ಹೆಸರು ರಾಧಿಕಾಗೆ ಗೊತ್ತಿತ್ತು. ವಿನೀತ ಪ್ರೀತಿಸಿ, ಮನೆಯವರನ್ನು ಒಪ್ಪಿಸಿ, ಇನ್ನೇನು ಮದುವೆಯಾಗಬೇಕು ಎನ್ನುವಾಗ ಕಾಯಿಲೆ ಬಿದ್ದ ಹುಡುಗಿ. ಸಂಬಂಧ ಮುರಿದಿತ್ತು.

ರೂಪಾಲಿ ದುಪಟ್ಟಾ ಸರಿಸಿದಳು. ಬಲಗೈ ಮಣಿಕಟ್ಟಿನಿಂದ ಕೆಳಗೆ ಕಪ್ಪಾಗಿ, ಒಣಗಿ, ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಮಣಿಕಟ್ಟಿನ ಸುತ್ತ ಉಂಗುರ ಉಂಗುರವಾಗಿ ಆಳದ ಗೆರೆಗಳು. ಕೂದಲು ಸುಟ್ಟಂಥ ಸಣ್ಣ ವಾಸನೆ ಗಾಳಿಯಲ್ಲಿ ತೇಲಿತು.

"ಮಾಟ ಅಲ್ಲ ಇದು, ನರದ ತೊಂದರೆ," ರಾಧಿಕಾ ಒಂದು ಹೆಜ್ಜೆ ಹಿಂದೆ ಸರಿದು ಹೇಳಿದಳು. "ಒಳ್ಳೆ ಡಾಕ್ಟರಿಗೆ ತೋರಿಸಿ. ಹೊಟ್ಟೆಕಿಚ್ಚಿಗೂ ಔಷಧಿ ಇದ್ರೆ ಹಾಗೇ ಕೇಳ್ಕೊಂಡು ಬನ್ನಿ."

ರೂಪಾಲಿಯ ಮುಖ ಕೆಂಪಗಾಯಿತು. ಆದರೂ ಅವಳು ದನಿ ಏರಿಸಲಿಲ್ಲ.

"ನಂದು ಹೋತು, ಅಕೀದೂ ಹೋಗ್ಲಿ ಅನ್ನಾಕ ಮನಸ್ಸು ಬರಲಿಲ್ರಿ. ಅದಕ್ಕ ಬಂದಿದ್ದೆ."

ಅವಳು ಗೇಟು ದಾಟಿದ ಮೇಲೆ ರಾಧಿಕಾ ತಿರುಗಿದಳು. ಅತ್ತೆ ಶುಭದಾ ಪರದೆಯ ಹಿಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಇಲ್ಲೇ ಮನ್ಯಾಗ ಮಾಡೂಣು ರಾಧಿಕಾ. ಖಾನಾಪುರ ಬ್ಯಾಡ."

"ಅವಳ ಮಾತು ನಂಬಿದ್ರಾ ಅತ್ತೆ?"

"ನಂಬೂದು ಬಿಡೂದು ಅಲ್ಲ. ಬ್ಯಾಡ ಅಂದ್ರ ಬ್ಯಾಡ."

ಕಾರಣ ಕೇಳಿದರೆ ಹೇಳಲಿಲ್ಲ. ನಲವತ್ತು ಜನರಿಗೆ ಕರೆ ಹೋಗಿತ್ತು, ಅತ್ತೆಯ ಹಳೆಯ ಗೆಳತಿಯಾದ ವಿನೀತನ ತಾಯಿ ಅಡಿಗೆಯವರಿಗೆ ಹೇಳಿಯಾಗಿತ್ತು. ರಾಧಿಕಾ ಏನನ್ನೂ ಬದಲಿಸಲಿಲ್ಲ.

*

ಬಳೆ ಶಾಸ್ತ್ರದ ದಿನ ಬೆಳಿಗ್ಗೆ ತೋಟಕ್ಕೆ ಬಂದಾಗ ಎದುರಿನ ಬಸ್ ತಂಗುದಾಣದಲ್ಲಿ ರೂಪಾಲಿ ಕೂತಿದ್ದಳು. ರಾಧಿಕಾ ಕಾವಲುಗಾರ ಶಿವಲಿಂಗನನ್ನು ಕರೆದು, ಆ ಹುಡುಗಿಯನ್ನು ಒಳಗೆ ಬಿಡಕೂಡದು ಎಂದು ತಾಕೀತು ಮಾಡಿದಳು. ಆದರೂ ಮನಸ್ಸು ನಿಲ್ಲಲಿಲ್ಲ. ಅಲಂಕಾರಕ್ಕೆಂದು ಪಡಸಾಲೆಯ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊದಿಸಿ, ಹಗಲಲ್ಲೇ ಕತ್ತಲೆ ಮಾಡಿ, ಗೋಡೆ ತುಂಬ ಸಣ್ಣ ದೀಪಗಳ ಸರ ಬಿಟ್ಟಿದ್ದಳು. ಹತ್ತು ಗಂಟೆಗೆ ಕಟ್ಟಿಸಿದ ಸೇವಂತಿಗೆ ಮಾಲೆ ಹನ್ನೆರಡಕ್ಕೆ ಬಾಡಿ ಜೋತುಬಿದ್ದಿತ್ತು. ಬಟ್ಟಲಲ್ಲಿ ಕಲಸಿಟ್ಟ ಅರಿಶಿನ ಮೇಲೆ ಮೇಲೆ ಕಪ್ಪಾಗಿತ್ತು. ಹೂವಿನವನನ್ನೂ ಅಡಿಗೆಯವರನ್ನೂ ಅವಳು ಅನುಮಾನದಿಂದ ನೋಡತೊಡಗಿದಳು. ಇವರಲ್ಲಿ ಯಾರು ಆ ರೂಪಾಲಿಯ ಕಡೆಯವರು?

ಹಿತ್ತಿಲಿನ ನೆಲ್ಲಿಮರದ ಬುಡದಲ್ಲಿ ಅತ್ತೆ ಒಬ್ಬರೇ ನಿಂತಿದ್ದರು. ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮಣ್ಣನ್ನು ಮೆಟ್ಟುತ್ತಿದ್ದರು. ರಾಧಿಕಾಳನ್ನು ಕಂಡದ್ದೇ ಕಾಲು ತೆಗೆದರು.

"ಮೊಣಕಾಲು ಹಿಡದಾವ," ಎಂದರು, ಅವಳು ಏನನ್ನೂ ಕೇಳದಿದ್ದರೂ.

ಎರಡೂವರೆಗೆ ಹೆಂಗಸರೆಲ್ಲ ಸೇರಿದರು. ಕನ್ನಡ, ಮರಾಠಿ ಎರಡೂ ಕಲೆತ ಹರಟೆ, ನಗು. ಕೆಂಪು ಅಂಚಿನ ಸೀರೆಯಲ್ಲಿ ಸಾನಿಕಾ ಚಾಪೆಯ ಮೇಲೆ ಕೂತಳು. ಬಳೆಗಾರ ಸತ್ಯಪ್ಪ ಅವಳ ಎದುರು ಕೂತು, ಕೈಗೆ ಎಣ್ಣೆ ಸವರಿ, ಬೆರಳುಗಳನ್ನು ಒತ್ತಿ ಹಿಡಿದು, ಒಂದೊಂದೇ ಬಳೆ ಏರಿಸಿದ. ಬಲಗೈಗೆ ಹನ್ನೊಂದು ಆದವು. ಹನ್ನೆರಡನೆಯದು ಏರಿದ ಕ್ಷಣ ದೀಪಗಳು ಆರಿದವು.

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕೂದಲು ಸುಟ್ಟ ವಾಸನೆ. ಮೊದಲು ಸಣ್ಣಗೆ, ಆಮೇಲೆ ಗಂಟಲು ಕಟ್ಟುವಷ್ಟು. ಕತ್ತಲೆಯಲ್ಲಿ ಬಳೆಗಳು ಕಿಣಿ ಕಿಣಿ ಎನ್ನುತ್ತಿದ್ದವು.

"ವೈನೀ," ಅತ್ತಿಗೆಯನ್ನು ಕರೆಯುವ ಸಾನಿಕಾಳ ದನಿ ಬಂತು. "ನಾ ಕೈ ಅಲಗಾಡಸವಲ್ಲೆ. ಇವು ತಾವ ಅಲಗಾಡಾಕತ್ತಾವ."

ರಾಧಿಕಾ ಕಿಟಕಿಗೆ ಓಡಿದಳು. ಕಪ್ಪು ಬಟ್ಟೆ ಕಿತ್ತೆಳೆದಳು. ಬಿಸಿಲು ಒಳಗೆ ಬಿತ್ತು.

ಬಳೆಗಳು ಕಿರಿದಾಗುತ್ತಿದ್ದವು.

ಕಣ್ಣೆದುರೇ. ಗಾಜು ಮಾಂಸದೊಳಗೆ ಇಳಿಯುತ್ತಿತ್ತು. ಬೆರಳುಗಳು ನೀಲಿಯಾದವು. ಸಾನಿಕಾ ಚೀರಿದಳು. ಸತ್ಯಪ್ಪ ಬಳೆ ಹಿಡಿದು ಎಳೆದ. ಬರಲಿಲ್ಲ. ರಾಧಿಕಾ ಕುಟ್ಟುವ ಕಲ್ಲು ತಂದಳು. ಹೊಡೆದಳು. ಒಡೆಯಲಿಲ್ಲ. ಮತ್ತೆ ಹೊಡೆದಳು. ಕಲ್ಲೇ ಬಿರಿಯಿತು. ಗಾಜಿಗೆ ಗೀರೂ ಬೀಳಲಿಲ್ಲ.

"ಮೂವತ್ತ ವರ್ಷ ಬಳಿ ಇಡಸೇನಿ," ಸತ್ಯಪ್ಪ ಗೋಡೆಗೆ ಅಂಟಿಕೊಂಡು ತೊದಲಿದ. "ಇಂಥಾದ್ದು ಇದ ಮನ್ಯಾಗ ಎರಡನೇದ್ದು ನೋಡಾಕತ್ತೇನಿ."

ರಾಧಿಕಾ ರಸ್ತೆಗೆ ಓಡಿದಳು. ತಂಗುದಾಣದಲ್ಲಿ ಇನ್ನೂ ಕೂತಿದ್ದ ರೂಪಾಲಿಯ ರಟ್ಟೆ ಹಿಡಿದು ದರದರ ಎಳೆದುತಂದಳು.

"ಬಿಡಿಸು! ನೀನು ಮಾಡಿದ್ದನ್ನ ನೀನೇ ಬಿಡಿಸು!"

"ನಾ ಮಾಡಿದ್ರ ನನ್ನ ಕೈ ಯಾಕ ಹಿಂಗ ಇರ್ತಿತ್ರಿ?" ರೂಪಾಲಿ ಏದುಸಿರು ಬಿಡುತ್ತ ಅಂದಳು. "ಕಟ್ಟಿದವರ ಕೈಲೇ ಬಿಚ್ಚಬೇಕಂತ. ಅಂದು ನನಗ ಬಳಿ ಇಡಸೂಮುಂದ ಇಲ್ಲೆ ಯಾರ‍್ಯಾರು ಇದ್ರು, ಕೇಳ್ರಿ."

ವಿನೀತನ ತಾಯಿ ನಿಧಾನವಾಗಿ ತಿರುಗಿ ತನ್ನ ಹಳೆಯ ಗೆಳತಿಯನ್ನು ನೋಡಿದಳು. ಮೂಲೆಯಲ್ಲಿದ್ದ ಒಬ್ಬ ಮುದುಕಿಯೂ ಅತ್ತಲೇ ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು.

ಶುಭದಾ ಎದ್ದು ನಿಂತಿದ್ದರು. ಸಾನಿಕಾಳ ಬೆರಳ ತುದಿಗಳು ಕಪ್ಪಾಗತೊಡಗಿದ್ದವು.

"ಆಯೀ," ಮಗಳು ಕೂಗಿದಳು.

ಅತ್ತೆ ಯಾರನ್ನೂ ನೋಡದೆ ಹಿತ್ತಿಲಿಗೆ ಓಡಿದರು. ನೆಲ್ಲಿಮರದ ಬುಡದಲ್ಲಿ ಕುಕ್ಕರಿಸಿ ಬರಿಗೈಯಿಂದ ಮಣ್ಣು ಬಗೆದರು. ಉಗುರು ಕಿತ್ತುಬಂತು. ನಿಲ್ಲಿಸಲಿಲ್ಲ. ಅಂಗೈಯಷ್ಟು ಹಿತ್ತಾಳೆಯ ಭರಣಿ ಹೊರಬಂತು. ಮುಚ್ಚಳ ತೆಗೆದಾಗ ವಾಸನೆಗೆ, ಹಿಂದೆಯೇ ಓಡಿಬಂದಿದ್ದ ರಾಧಿಕಾ ಮೂಗು ಮುಚ್ಚಿಕೊಂಡಳು. ಒಳಗೆ ಹಸಿರು ಬಳೆಯ ಚೂರು, ಕೂದಲು, ಅವನ್ನು ಬಿಗಿದ ಕರಿ ದಾರ. ಶುಭದಾ ಗಂಟಿಗೆ ಬೆರಳು ಹಾಕಿದರು. ಹಲ್ಲು ಕಚ್ಚಿದರು. ಗಂಟು ಸಡಿಲಿತು. ಬಿಚ್ಚಿತು.

ಪಡಸಾಲೆಯಲ್ಲಿ ಹನ್ನೆರಡು ಬಳೆಗಳೂ ಒಟ್ಟಿಗೆ ಚೂರಾದ ಸದ್ದು.

ಬಾಗಿಲ ಬಳಿ ರೂಪಾಲಿ ಕುಸಿದು ಕೂತು, ಮಡಚಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುವ ನೋವಿಗೆ ಅಳತೊಡಗಿದಳು. ಮರದ ಕೆಳಗೆ ಶುಭದಾ ತಮ್ಮ ಎರಡೂ ಕೈಗಳನ್ನು ಮೇಲೆತ್ತಿ ನೋಡುತ್ತಿದ್ದರು. ಬೆರಳಿನಿಂದ ಮೊಣಕೈವರೆಗೆ ಕಪ್ಪು ಏರುತ್ತಿತ್ತು.

*

ಮದುವೆ ನಿಂತಿತು. ಸಾನಿಕಾ ಅಂದೇ ಸಂಜೆ ಕಾಕತಿಯಲ್ಲಿದ್ದ ಗೆಳತಿಯ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಪರಾಗ ತಾಯಿಯ ಕೋಣೆಗೆ ಕಾಲಿಡುತ್ತಿರಲಿಲ್ಲ. ಎರಡು ಹೊತ್ತೂ ಅತ್ತೆಗೆ ಉಣ್ಣಿಸುವ ಕೆಲಸ ರಾಧಿಕಾಳ ಪಾಲಿಗೆ ಬಂತು.

ಒಮ್ಮೆ ಅವಳು ಖಾನಾಪುರಕ್ಕೆ ಹೋಗಿ ರೂಪಾಲಿಯ ಕ್ಷಮೆ ಕೇಳಿದಳು. ರೂಪಾಲಿ ಪಂಚಾಯಿತಿ ಕಚೇರಿಯಲ್ಲಿ ಎರಡೂ ಕೈಯಿಂದ ನಿಧಾನವಾಗಿ ಟೈಪ್ ಮಾಡುತ್ತಿದ್ದಳು.

"ನಿಮ್ಮ ಅತ್ತಿಯವರಿಗೆ ಊಟ ಯಾರು ಮಾಡಸ್ತಾರ?" ಅಂತ ಕೇಳಿದಳು.

"ನಾನು."

"ನನಗ ನಮ್ಮವ್ವ ತಲಿ ಹಿಕ್ಕತಿದ್ಲು, ಜಂಪರ್ ಗುಂಡಿ ಹಾಕತಿದ್ಲು," ಎಂದು ರೂಪಾಲಿ ಮತ್ತೆ ಕೆಲಸಕ್ಕೆ ತಿರುಗಿದಳು.

ಶುಭದಾ ಪಶ್ಚಾತ್ತಾಪದ ಮಾತು ಆಡಿದ್ದನ್ನು ರಾಧಿಕಾ ಕೇಳಲಿಲ್ಲ. "ಅಂಥಾ ವರ ಸಿಗತಿರಲಿಲ್ಲ. ಮಗಳ ಸಲುವಾಗಿ ಮಾಡಿದೆ," ಎನ್ನುವರು. ಆಮೇಲೆ ಬಾಗಿಲ ಕಡೆ ನೋಡಿ, "ಸಾನಿಕಾ ಫೋನ್ ಮಾಡಿದ್ಲೇನು?" ಎನ್ನುವರು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸಾನಿಕಾ ಬಂದಳು. ತಾಯಿಯ ಕೋಣೆಯ ಹೊಸ್ತಿಲ ಆಚೆಯೇ ನಿಂತಳು. ಶುಭದಾ ಕರಿಕೈಗಳನ್ನು ಅವಳತ್ತ ಚಾಚಿದರು. ಅವಳು ಮುಂದೆ ಬರಲಿಲ್ಲ.

"ನಿನ್ನೆ ವಿನೀತನ್ನ ಭೆಟ್ಟಿ ಆಗಿದ್ದೆ," ಎಂದಳು. "ಲಗ್ನ ಮುರದದ್ದಕ್ಕ ದುಃಖ ಆಗ್ತದ ಅಂತ ತಿಳದಿದ್ದೆ. ಏನೂ ಆಗಲಿಲ್ಲ. ಯಾರೋ ಗುರುತಿಲ್ಲದವರ ಮುಂದ ಕೂತಂಗ ಇತ್ತು. ಅವನೂ ಹಂಗ ಕೂತಿದ್ದ. ಎರಡ ವರ್ಷ ಅವನಿಲ್ದ ಜೀವಾನ ಇಲ್ಲ ಅಂತಿದ್ದೆ ನಾ."

ರಾಧಿಕಾಳ ಕೈಯಲ್ಲಿ ತುತ್ತು ಹಾಗೇ ನಿಂತಿತು.

"ಆಯೀ, ಖರೇ ಹೇಳು. ಆ ಭರಣಿಯೊಳಗ ನನ್ನ ಕೂದಲಾನೂ ಇತ್ತೇನು?"

ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ಶುಭದಾ ಚಾಚಿದ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ರಾಧಿಕಾಳ ಕಡೆ ತಿರುಗಿ, ತುತ್ತಿಗೆ ಬಾಯಿ ತೆರೆದರು.