ಬೀರು ಕನ್ನಡಿಯಲ್ಲಿ ಹಸಿರು ಸೈಕಲ್

"ಇದ್ಯಾಕ್ರೀ ಹೀಗೆ ಗೂನುಬೆನ್ನು ಮಾಡ್ಕೊಂಡು ನಿಂತಿದೆ?"

ಕೆಸರೆಯ ಶೆಡ್ಡಿಗೆ ಕಾಲಿಟ್ಟವಳೇ ನಾನು ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಚೆನ್ನಾಗಿದ್ದೀರಾ ಇಲ್ಲ. ಗೋಡೆಗೆ ಒರಗಿಸಿದ್ದ ಹಸಿರು ಸೈಕಲ್ ನೋಡಿ ನನ್ನ ಮೈ ಉರಿದುಹೋಗಿತ್ತು.

"ಗೂನು ಎಲ್ಲಿದೆ ಮೇಡಂ?" ಅಂದರು ಕುಮಾರಸ್ವಾಮಿ. ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆ ಕೈಗಿಂತ ಕೊಳಕಾಗಿತ್ತು.

ನಾವಿಬ್ಬರೂ ಒಂದೇ ಪಾಲಿಟೆಕ್ನಿಕ್‌ನವರು. ನಾನು ಡ್ರಾಯಿಂಗ್ ಪಾಠ ಮಾಡುವವಳು, ಅವರು ವರ್ಕ್‌ಶಾಪ್ ನೋಡಿಕೊಳ್ಳುವವರು. 2002ರಲ್ಲಿ ಒಂದು ದಿನ ಯಾವುದೋ ಫಾರಿನ್ ಮ್ಯಾಗಜೀನಿನ ಹರಿದ ಹಾಳೆ ಹಿಡಿದುಕೊಂಡು ಡ್ರಾಯಿಂಗ್ ಹಾಲಿಗೆ ಬಂದಿದ್ದರು. ಹಾಳೆಯಲ್ಲಿ ಡೌನ್‌ಹಿಲ್ ಸೈಕಲ್, ಅಂದರೆ ಕಲ್ಲು ಕೊರಕಲು ಅನ್ನದೆ ಬೆಟ್ಟ ಇಳಿಯುವ ಸೈಕಲ್. ಅಂಥದಕ್ಕೆ ಹಿಂದಿನ ಚಕ್ರಕ್ಕೂ ಶಾಕ್ ಅಬ್ಸಾರ್ಬರ್ ಬೇಕು. ಚಕ್ರಕ್ಕೆ ಬಿದ್ದ ಹೊಡೆತವನ್ನು ಶಾಕಿಗೆ ದಾಟಿಸುವ ಅಂಗೈಯಗಲದ ತುಂಡೊಂದಿರುತ್ತದೆ. ಅದೇ ಲಿಂಕ್.

"ಕೆಲಸ ಮಾಡೋ ಹಾಗೆ ನಾನು ಮಾಡ್ತೀನಿ, ನೋಡೋ ಹಾಗೆ ನೀವು ಮಾಡಿ. ನಮ್ಮ ಬೆಟ್ಟದಲ್ಲಿ ಉತ್ತನಹಳ್ಳಿ ಕಡೆ ಇಳಿಸೋಣ," ಅಂದಿದ್ದರು.

ನಾನು ಹೆಚ್ಚೇನೂ ಮಾಡಲಿಲ್ಲ. ಹ್ಯಾಂಡಲಿನ ಕುತ್ತಿಗೆಯಿಂದ ಹೊರಟು, ಲಿಂಕ್ ಹಾದು, ಹಿಂದಿನ ಚಕ್ರದ ನಡುವಿಗೆ ಮುಟ್ಟುವ ಒಂದೇ ಒಂದು ನೇರ ಗೆರೆ ಹಾಕಿದೆ. ಆ ಒಂದು ಗೆರೆ ಇದ್ದರೆ ಸೈಕಲ್ ಚೆಂದ. ಇಲ್ಲದಿದ್ದರೆ ಅದೊಂದು ಪೈಪಿನ ಕಂತೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದು ನನಗೆ ಆಗಿಬರುವುದಿಲ್ಲ. ನನಗೆ ಕುಮಾರಸ್ವಾಮಿ ಇಷ್ಟವಾಗಿದ್ದರು. ಸೈಕಲ್ ಬರೀ ನೆಪ. ಆ ಸೈಕಲ್ ಇವತ್ತು ಮುಗಿದಿತ್ತು. ನಾಳೆಯಿಂದ ಕೆಸರೆಗೆ ಬರುವುದಕ್ಕೆ ಯಾವ ನೆಪವೂ ಇರಲಿಲ್ಲ. ಅದಕ್ಕೇ ಸಿಟ್ಟು ಒಂದಿಷ್ಟು ಜಾಸ್ತಿಯೇ ಇತ್ತು ಅನ್ನಿ.

"ನೋಡಿ ಇಲ್ಲಿ," ಅಂದೆ. "ನನ್ನ ಗೆರೆ ಲಿಂಕ್ ಹತ್ತಿರ ಮುರಿದಿದೆ. ಹಿಂದಿನರ್ಧ ಕೆಳಗೆ ಜೋತುಬಿದ್ದಿದೆ."

"ಖಾಲಿ ನಿಂತಿದೆಯಲ್ಲ ಮೇಡಂ, ಅದಕ್ಕೆ. ಯಾರಾದ್ರೂ ಕೂತ್ರೆ ಶಾಕಿನ ಸ್ಪ್ರಿಂಗ್ ಸ್ವಲ್ಪ ಕುಗ್ಗುತ್ತೆ, ಲಿಂಕ್ ತಿರುಗುತ್ತೆ, ಗೆರೆ ನೇರ ಆಗುತ್ತೆ."

"ಹಾಗಾದ್ರೆ ಕೂತು ತೋರಿಸಿ."

ಅವರು ಕೂರಲಿಲ್ಲ. ಗಡ್ಡ ಕೆರೆದುಕೊಂಡರು, ಮಾಡು ನೋಡಿದರು, ನನ್ನನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದರು. ನಾನು ಬಿಡಲಿಲ್ಲ. ಕೊನೆಗೆ ಹತ್ತಿದರು. ಗೂನು ಹೋಯಿತು, ಸರಿ. ಆದರೆ ಗೆರೆ ನೇರವಾಗಿ ನಿಲ್ಲದೆ ಇನ್ನೂ ಇಳಿದು, ನಡು ಕುಸಿದ ಹಳೇ ಹಗ್ಗದ ಮಂಚದಂತಾಯಿತು.

"ನೀವು ಓಡಿಸೋ ಸೈಕಲ್ ನಿಮಗೇ ಸರಿಯಿಲ್ಲ! ಯಾರಿಗೆ ಅಂತ ಮಾಡಿದ್ರಿ ಇದನ್ನ?"

ಆ ಶೆಡ್ಡು ಅವರ ಸೋದರಮಾವ ಮರಿಸ್ವಾಮಿಯವರದು. ಸ್ಟೀಲ್ ಬೀರು ಮಾಡುತ್ತಾರೆ. ಯಾರದೋ ಮದುವೆಗೆ ಕೊಡಬೇಕಾದ ಬೀರುವಿನ ಬಾಗಿಲಿಗೆ ಉದ್ದನೆ ಕನ್ನಡಿ ಕೂರಿಸುತ್ತಿದ್ದವರು ತಿರುಗಿಯೂ ನೋಡದೆ ಅಂದರು:

"ಅದು ಅವನಿಗೆ ಮಾಡಿದ್ದಲ್ಲ ಕಣವ್ವ. ನೀನೊಂದ್ ಸಲ ಕೂತ್ಕಂಡು ನೋಡು."

"ಮಾವ, ಸುಮ್ನಿರಿ!" ಕುಮಾರಸ್ವಾಮಿಯವರ ಕಿವಿ ಕೆಂಪಾಗಿತ್ತು.

ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿದೆ. ಮಾವ ಬಂದು ಹ್ಯಾಂಡಲ್ ಹಿಡಿದರು, ನಾನು ಎರಡೂ ಕಾಲು ಪೆಡಲಿಗಿಟ್ಟೆ. ಕೂತವಳಿಗೆ ತನ್ನ ಸೈಕಲ್ ಕಾಣುವುದಿಲ್ಲವಲ್ಲ, ಪಕ್ಕದ ಬೀರು ಕನ್ನಡಿಯಲ್ಲಿ ನೋಡಿದೆ. ಗೆರೆ ಹತ್ತಿರ ಹತ್ತಿರ ನೇರವಾಗಿತ್ತು. ಒಂದು ಚೂರು ಗೂನು ಉಳಿದಿತ್ತು.

"ಸಾಧ್ಯವೇ ಇಲ್ಲ," ಅಂದರು ಕುಮಾರಸ್ವಾಮಿ, ನನ್ನನ್ನು ಮರೆತವರ ಹಾಗೆ. "ಲೆಕ್ಕ ಹಾಕಿದ್ದೆ."

"ಯಾವ ಲೆಕ್ಕ?"

"ನಿಮ್ಮ ತೂಕದ್ದು."

"ನನ್ನ ತೂಕ ನಮ್ಮಮ್ಮನಿಗೂ ಗೊತ್ತಿಲ್ಲ. ನಿಮಗ್ಹೇಗೆ ಗೊತ್ತು?"

"ಈ ಶಾಕ್ ತರೋಕೆ ಇಲವಾಲಕ್ಕೆ ಹೋಗಿದ್ವಲ್ಲ. ವಾಪಸ್ ಬರುವಾಗ ನೀವು ಹಿಂದೆ ಕೂತಾಗ ನನ್ನ ಸ್ಕೂಟರ್ ಎಷ್ಟು ತಗ್ಗಿತು ಅಂತ ಅಳೆದೆ. ಆಮೇಲೆ ಅಷ್ಟೇ ತಗ್ಗೋವರೆಗೆ ಸೀಟಿನ ಮೇಲೆ ಚೀಲದಲ್ಲಿ ಮರಳು ತುಂಬಿಟ್ಟೆ. ಆ ಮರಳು ತೂಗಿಸಿದೆ."

"ಟೈರಿನ ಗಾಳಿ ನೋಡ್ತೀನಿ, ಇಳೀಬೇಡಿ ಅಂತ ಬಗ್ಗಿದ್ರಲ್ಲ, ಆಗಲೇ?"

"ಗಾಳಿ ನೋಡ್ಲಿಲ್ಲ."

ನನಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನೂ ಆಚೆ ಬಿಡದೆ ಕೇಳಿದೆ: "ಆವತ್ತು ನಮ್ಮಮ್ಮನಿಗೆ ಅಂತ ದಾರೀಲಿ ಏನೋ ತಗೊಂಡೆ. ಮಡಿಲಲ್ಲಿಟ್ಟುಕೊಂಡು ಮುಳ್ಳು ಚುಚ್ಚಿಸಿಕೊಂಡು ಕೂತಿದ್ದೆ. ಏನದು?"

ಅವರ ಬಾಯಿ ತೆರೆದೇ ಇತ್ತು. "ಅಯ್ಯೋ! ಹಲಸಿನಹಣ್ಣು."

"ಹಣ್ಣನ್ನೂ ಸೇರ್ಸಿ ತೂಗ್ಬುಟ್ಯಲ್ಲೋ, ಮಂಕೆ!" ಮಾವ ಹ್ಯಾಂಡಲ್ ಸಮೇತ ನನ್ನನ್ನೂ ಅಲ್ಲಾಡಿಸಿ ನಕ್ಕರು.

"ಇಳೀಬೇಡಿ," ಅಂದು ಕುಮಾರಸ್ವಾಮಿ ಸ್ಪ್ಯಾನರ್ ತಂದು ಪಕ್ಕದಲ್ಲಿ ಮಂಡಿಯೂರಿದರು. ಸ್ಪ್ರಿಂಗನ್ನು ಬಿಗಿ ಹಿಡಿದ ಬಳೆಯನ್ನು ಸಡಿಲಿಸತೊಡಗಿದರು. ಸೈಕಲ್ ವಾಲಿತು. ನಾನು ತಟ್ಟನೆ ಅವರ ಭುಜ ಹಿಡಿದೆ.

"ಭಾರ ಬಿಡಬೇಡಿ, ಲೆಕ್ಕ ತಪ್ಪುತ್ತೆ. ಬರೀ ಮುಟ್ಟಿ."

ಬರೀ ಮುಟ್ಟಿದೆ. ಕನ್ನಡಿಯಲ್ಲಿ ಲಿಂಕ್ ನಿಧಾನವಾಗಿ ತಿರುಗುವುದನ್ನು ನೋಡುತ್ತ ಕೂತೆ. ಗೂನು ಕರಗಿತು. ಕುತ್ತಿಗೆಯಿಂದ ಚಕ್ರದ ನಡುವಿನವರೆಗೆ ನಾನು ಹಾಳೆಯಲ್ಲಿ ಹಾಕಿದ್ದ ಗೆರೆಯೇ ಬಂದು ನಿಂತಿತು. ಅದರ ಕೆಳಗೆ ಅವರ ಬಗ್ಗಿದ ತಲೆ, ಮೇಲೆ ನಾನು. ಎಲ್ಲ ಒಂದೇ ಕನ್ನಡಿಯಲ್ಲಿ.

"ಕುಮಾರಸ್ವಾಮಿ, ನನಗೆ ನೀವು ಇಷ್ಟ ಕಣ್ರೀ."

ಸ್ಪ್ಯಾನರ್ ನಿಂತಿತು. ಮಾವ ಹ್ಯಾಂಡಲ್ ಬಿಡುವ ಹಾಗಿಲ್ಲ, ಪಾಪ, ಬೀದಿ ಕಡೆ ಮುಖ ತಿರುಗಿಸಿಕೊಂಡರು.

"'ಬೆಟ್ಟದಿಂದ ನಾನೂ ಇಳೀಬೇಕು' ಅಂದಿದ್ರಿ ನೀವು, ಮೊದಲನೇ ದಿನವೇ," ಅಂದರು ಅವರು, ತಲೆಯೆತ್ತದೆ. "ಆಗಲೇ ನಿಮಗೆ ಅಂತ ಶುರು ಮಾಡಿದ್ದು. ಇದನ್ನ ಆರು ತಿಂಗಳಲ್ಲಿ ಮುಗಿಸಬಹುದಿತ್ತು ಮೇಡಂ. ಮುಗಿದ್ರೆ ನೀವು ಬರಲ್ವಲ್ಲ ಅಂತ ಎರಡು ವರ್ಷ ಎಳೆದೆ. ನನಗೂ ನೀವಂದ್ರೆ ಪ್ರಾಣ."

ನಾನು ಭಾರ ಬಿಟ್ಟೆ, ಪೂರ್ತಿ, ಆ ಭುಜದ ಮೇಲೆ. ಗೆರೆ ಹಾಳಾಯಿತು. ಅವರು ಸ್ಪ್ಯಾನರ್ ಕೆಳಗಿಟ್ಟರು.

ಕೊನೆಗೆ ಮಾವನೇ ಅಂದರು, "ಕೈ ನೋಯ್ತಾ ಅದೆ ಕಣ್ರಪ್ಪ."

ಇಳಿದೆ. "ಇದು ನನಗಾಯ್ತು. ನಿಮಗೆ?"

"ಇನ್ನೊಂದು ಮಾಡಬೇಕು. ನೀವು ಗೆರೆ ಹಾಕಿಕೊಟ್ರೆ."

"ಹಾಕ್ತೀನಿ. ಸ್ಕೂಟರ್ ಕೀ ಕೊಡಿ. ಇಲವಾಲದವರೆಗೆ ನಾನು ಓಡಿಸ್ತೀನಿ, ನೀವು ಹಿಂದೆ ಕೂತ್ಕೊಳ್ಳಿ. ನಾನೂ ಗಾಳಿ ನೋಡ್ಬೇಕು."

ಅವರು ಕೀ ಕೊಟ್ಟು, ಹಿಂದೆ ಕೂತು, ಎರಡೂ ಅಂಗೈ ಬಿಡಿಸಿ ತೋರಿಸಿದರು.

"ನೋಡ್ಕೊಳ್ಳಿ," ಅಂದರು. "ಹಲಸಿನಹಣ್ಣಿಲ್ಲ."