ಪಾಳೆಂದು ಬರೆಸಿದ ಹೊಲ

ನಮ್ಮನ್ನು ಗೆದ್ದ ನಾರ್ಮನ್ ದೊರೆಯ ಗುಮಾಸ್ತ ಕಂದಾಯಕ್ಕೆಂದು ನಮ್ಮ ಯಾರ್ಕ್ ಸೀಮೆಯ ನೆಲ, ನೇಗಿಲು, ಎತ್ತು ಎಲ್ಲವನ್ನೂ ಬರೆದುಕೊಳ್ಳಲು ಬಂದಾಗ, ಊರ ಪಟೇಲನಾದ ನಾನು ಪಕ್ಕದ ಊರು ಪಾಳೆಂದು ಆಣೆಯಿಟ್ಟೆ. ಹದಿನಾರು ವರ್ಷದ ಹಿಂದೆ ದೊರೆಯ ದಂಡು ಅದನ್ನು ಸುಟ್ಟಿತ್ತು. ಅಲ್ಲಿದ್ದ ನನ್ನ ಅಕ್ಕ ಗುನ್‌ಹಿಲ್ಡ್, ಭಾವ ಆರ್ಕಿಲ್ ಹಸಿದು ಬಂದು ನನ್ನ ಬಾಗಿಲು ಬಡಿದಿದ್ದರು. ಇದ್ದ ಕಾಳು ನನ್ನ ಮಕ್ಕಳಿಗೇ ಸಾಲದೆಂದು ನಾನು ತೆರೆಯಲಿಲ್ಲ. ಅವರು ದಾರಿಯಲ್ಲೇ ಸತ್ತರು.

ಗುಮಾಸ್ತ ಕಣ್ಣಾರೆ ನೋಡಬೇಕೆಂದ. ಹೋಗಿ ನೋಡಿದರೆ ಭಾವನ ಹೊಲ ಆಗತಾನೆ ಉತ್ತಂತಿತ್ತು. ಮಣ್ಣು ಮುಟ್ಟಿದರೆ ಬೆಚ್ಚಗಿತ್ತು. ಎತ್ತಿನ ಗೊರಸಿನ ಗುರುತು ಒಂದೂ ಇರಲಿಲ್ಲ.

“ಸುಳ್ಳಾಣೆಗೆ ಕೈ ಕಡೀತಾರೆ, ಪಟೇಲ. ಇದನ್ನ ಉತ್ತೋರು ಯಾರು?”

ಸಾಲುಗಳೆಲ್ಲ ಎಡಕ್ಕೆ ವಾಲಿದ್ದವು. ಭಾವನ ಕಾಲು ಕುಂಟು. “ಹಾವು ಹರಿದಂಗೆ ಉಳ್ತೀರಲ್ಲ ಭಾವ” ಎಂದು ನಾನೇ ಹಂಗಿಸುತ್ತಿದ್ದೆ.

“ನಮ್ಮ ಭಾವ, ಸ್ವಾಮಿ. ಸತ್ತೋಗಿದ್ದಾರೆ.”

ಗುಮಾಸ್ತ ನಗಲಿಲ್ಲ. “ಇಂಥದ್ದು ಇದು ಒಂಬತ್ತನೇ ಹೊಲ ಕಣಯ್ಯ. ಬರೀ ಉಳ್ತಾರೆ. ಪಾಪ, ಬಿತ್ತೋಕೆ ಕಾಳಿಲ್ಲ” ಎಂದು ಪಾಳೆಂದೇ ಬರೆದುಕೊಂಡ.

ಮರುದಿನ ಒಂದು ಚೀಲ ಬಾರ್ಲಿ ಹೊತ್ತು ಹೋಗಿ ಆ ಹೊಲದ ನಡುವೆ ಇಟ್ಟು ಬಂದೆ.

ಮುಂದಿನ ವಸಂತದಲ್ಲಿ ಹೊಲ ಮತ್ತೆ ಉಳುಮೆಯಾಗಿತ್ತು. ಚೀಲ ಇಟ್ಟಲ್ಲೇ ಇತ್ತು, ಕಟ್ಟು ಬಿಚ್ಚಿರಲಿಲ್ಲ. ಸಾಲುಗಳು ಅದನ್ನು ಮುಟ್ಟದೆ ಸುತ್ತಿಕೊಂಡು ಹೋಗಿದ್ದವು.