ಬಿಳಿ ಕಾರ್ಡ್ ಕೊಡಬೇಡಿ

"ಅದನ್ನ ಕೊಡಬೇಡಿ!"

ಖಾತುನಾಳ ಕೈಯಲ್ಲಿದ್ದ ಬಿಳಿ ಕಾರ್ಡನ್ನು ಹಿಂದೆ ನಿಂತವನು ಕಿತ್ತುಕೊಂಡ! ಎದುರಿಗೆ ಕೆನಡಾದ ಗಡಿ ಅಧಿಕಾರಿ ಹುಬ್ಬೇರಿಸಿದ.

"ಕಳ್ಳ!" ಎಂದಳು ಅವಳು.

"ಹೌದು. ಆದರೆ ನಿಮ್ಮ ಪರವಾಗಿ."

ತಪ್ಪು ಅವಳ ತಾಯಿಯದು. ಅಧಿಕಾರಿ ಬಾಯಿ ತೆರೆಯುವ ಮೊದಲೇ ಇರುವ ಕಾಗದವನ್ನೆಲ್ಲ ಒಪ್ಪಿಸಿಬಿಡಬೇಕು ಎನ್ನುವುದು ಜಾರ್ಜಿಯಾದಲ್ಲಿ ಸೋವಿಯತ್ ಕಾಲ ಕಂಡ ತಾಯಂದಿರೆಲ್ಲರ ಉಪದೇಶ. ಹಾಗಾಗಿ ಖಾತುನಾ ಪಾಸ್‌ಪೋರ್ಟಿಗೆ ಪಿನ್ ಹೊಡೆದಿದ್ದ, ಓದು ಮುಗಿಯುವವರೆಗೆ ಅಮೆರಿಕದಲ್ಲಿರಲು ಅನುಮತಿ ಕೊಡುವ ಆ ಕಾರ್ಡನ್ನು ಜೋಪಾನವಾಗಿ ಬಿಡಿಸಿ ಮುಂದೆ ಚಾಚಿದ್ದಳು.

ಗಡಿ ದಾಟಿ ಮಾಂಟ್ರಿಯಲ್ ಬಸ್ಸು ಮತ್ತೆ ಹೊರಟಾಗ ಅವನು ಪಕ್ಕದ ಸೀಟಿಗೇ ಬಂದು ಕುಳಿತ. ಹೆಸರು ತೆಮುಲೆನ್, ಮಂಗೋಲಿಯಾದವನು, ಅಮೆರಿಕದಲ್ಲಿ ಅವಳಿದ್ದ ಬರ್ಲಿಂಗ್ಟನ್ನಿನ ಪಕ್ಕದ ಊರಿನ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರು.

"ನಿಮ್ಮ ಅಮೆರಿಕದ ವೀಸಾ ಮುಗಿದಿದೆ ತಾನೆ?"

"ಎರಡು ವರ್ಷ ಆಯ್ತು..."

"ಹಾಗಾದ್ರೆ ವಾಪಸ್ ಹೋಗೋದಕ್ಕೆ ಈ ಕಾರ್ಡೇ ಗತಿ. ಕೆನಡಾಕ್ಕೆ ಹೋಗಿ ಮೂವತ್ತು ದಿನದೊಳಗೆ ಬಂದರೆ, ವೀಸಾ ಸತ್ತಿದ್ದರೂ ಒಳಗೆ ಬಿಡ್ತಾರೆ. ಕಾರ್ಡ್ ಕೊಟ್ಟುಬಿಟ್ಟರೆ ಕಥೆ ಮುಗೀತು."

ಕಥೆ ಮುಗಿಯುವುದೆಂದರೆ ಐದು ವರ್ಷದ ದುಡಿಮೆ ಮುಗಿಯುವುದು. ಬರ್ಲಿಂಗ್ಟನ್ನಿನ ಸರೋವರದ ಪಾಚಿಯ ಮೇಲೆ ಅವಳು ಬರೆದ ಪ್ರಬಂಧಕ್ಕೆ ಇನ್ನು ಮೂರೇ ವಾರದಲ್ಲಿ ಮೌಖಿಕ ಪರೀಕ್ಷೆ. ಅಕ್ಕನ ಮದುವೆಯಲ್ಲದಿದ್ದರೆ ಅವಳು ಮಾಂಟ್ರಿಯಲ್ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಕಳ್ಳನಿಗೆ ಕೃತಜ್ಞತೆ ಹೇಳುವುದು ಹೇಗೆಂದು ತಿಳಿಯದೆ ಅವಳು ಮದುವೆಗೇ ಕರೆದಳು. ಶನಿವಾರ ಅವನು ಬಂದ. ಒಂದು ಇಡೀ ಖಾಚಪುರಿ ರೊಟ್ಟಿ ತಿಂದ, ಅವಳ ಚಿಕ್ಕಪ್ಪಂದಿರು ಕುಡಿಯುವ ಮೊದಲು ಮಾಡಿದ ಹದಿನೇಳು ಭಾಷಣಗಳನ್ನೂ ನಿಂತೇ ಕೇಳಿದ.

"ಈ ಹುಡುಗನಿಗೆ ತಾಳ್ಮೆ ಇದೆ ಕಣೇ, ಬಿಡಬೇಡ!" ಎಂದಳು ಮದುಮಗಳು, ಅವನಿಗೂ ಕೇಳುವಂತೆ.

ಹೊರಡುವಾಗ ಅವನು ತಡವರಿಸಿದ. "ಮಂಗಳವಾರ ಬಸ್ಸಿನಲ್ಲಿ... ನಿಮಗೊಂದು ಮಾತು ಹೇಳಬೇಕು."

ಹೋಗುವುದು ಒಂದೇ ಬಸ್ಸು ತಾನೆ? ಫೋನ್ ನಂಬರ್ ಕೇಳಿಕೊಳ್ಳುವ ಬುದ್ಧಿ ಇಬ್ಬರಿಗೂ ಬರಲಿಲ್ಲ.

ಮಂಗಳವಾರ ಅವನು ಬರಲಿಲ್ಲ.

ಗಡಿಯಲ್ಲಿ ಖಾತುನಾ ಒಬ್ಬಳೇ ನಲವತ್ತು ನಿಮಿಷ ಬೆಂಚಿನ ಮೇಲೆ ಕುಳಿತಳು.

"ಈ ವೀಸಾ ಸತ್ತು ಎರಡು ವರ್ಷ ಆಯ್ತಲ್ಲಮ್ಮ!" ಎಂದ ಅಮೆರಿಕದ ಅಧಿಕಾರಿ.

"ಕಾರ್ಡ್ ಬದುಕಿದೆ ಸರ್. ಹೋಗಿ ಐದೇ ದಿನ."

ಅವನು ದಪ್ಪ ಪುಸ್ತಕ ತೆರೆದ, ಓದಿದ, ಒಳಗೆ ಹೋಗಿ ಯಾರನ್ನೋ ಕೇಳಿ ಬಂದ. ಠಸ್ಸೆ ಬಿತ್ತು! ಅವಳು ತಿರುಗಿದಳು... ಖುಷಿ ಹಂಚಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

'ಮದುವೆ ಊಟ ಮುಗೀತು, ಮಾತೂ ಮುಗೀತು. ಇಂಥವರು ಎಷ್ಟು ಜನ ಇಲ್ಲ!' ಎಂದುಕೊಂಡಳು. ಅಷ್ಟು ಅಂದುಕೊಂಡರೂ ಕಣ್ಣು ಕೇಳಲಿಲ್ಲ.

ಎರಡು ವಾರದ ನಂತರ ಒಂದು ಮಂಗಳವಾರ, ಬಸ್ಸಿನಲ್ಲಿ ಬಿಟ್ಟುಬಂದಿದ್ದ ಕೈಗವಸು ಕೇಳಲು ಅವಳು ಬರ್ಲಿಂಗ್ಟನ್ನಿನ ನಿಲ್ದಾಣಕ್ಕೆ ಹೋದಳು. ಕೈಗವಸು ಹೋದರೆ ಹೋಗಲಿ ಎನ್ನುವಂಥದ್ದೇ, ಆದರೂ ಹೋದಳು.

ಡ್ರೈವರ್ ಲೊರೇನ್ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನೇ ಅಲ್ವಾ ಆ ಕಂಬದ ಹುಡುಗಿ?"

"ಯಾವ ಕಂಬ?"

"ಅಯ್ಯೋ ಪುಣ್ಯಾತ್ಗಿತ್ತಿ! ನೀನು ವಾಪಸ್ ಬಸ್ ಹತ್ತಿದ ದಿನ ಆ ಮಂಗೋಲಿಯಾದವನು ಮಾಂಟ್ರಿಯಲ್ ನಿಲ್ದಾಣದ ಕಂಬದ ಹಿಂದೆ ನಿಂತು ನೋಡ್ತಿದ್ದ. ಈಗಲೂ ಮಂಗಳವಾರ ಮಂಗಳವಾರ ಬರ್ತಾನೆ. 'ಅವಳು ದಾಟಿದಳಾ?' ಅಂತ ಕೇಳಿದ. 'ನಿಂಗೇನಾಯ್ತಪ್ಪಾ' ಅಂದೆ. ಅವನ ಪಾಸ್‌ಪೋರ್ಟ್ ಅಮೆರಿಕದ ಕಾನ್ಸುಲೇಟಿನಲ್ಲಿ ಸಿಕ್ಕಿಹಾಕಿಕೊಂಡಿದೆಯಂತೆ."

ಖಾತುನಾ ಕೈಗವಸು ಮರೆತಳು. ಅದೇ ಬಸ್ಸು ಹತ್ತಿದಳು. ಕೆನಡಾದ ಕಿಟಕಿಯಲ್ಲಿ ಈ ಸಲ ಕಾರ್ಡು ಪಾಸ್‌ಪೋರ್ಟಿನಿಂದ ಅಲುಗಲಿಲ್ಲ.

ಅವನು ಕಂಬದ ಬಳಿಯೇ ಇದ್ದ. ಅವಳನ್ನು ಕಂಡು ಮುಖ ಬಿಳುಚಿತು.

"ಹುಚ್ಚಾ ನಿಮಗೆ? ಶುಕ್ರವಾರ ಪರೀಕ್ಷೆ ಇದೆ! ಈ ಸಲ ಒಳಗೆ ಬಿಡದಿದ್ದರೆ?"

"ಮೊದಲು ನಿಮ್ಮದು ಹೇಳಿ."

"ಅಪ್ಪನಿಗೆ ಹುಷಾರಿಲ್ಲ. ಊರಿಗೆ ಹೋಗಿ ಬರಬೇಕಾದರೆ ಹೊಸ ವೀಸಾನೇ ಬೇಕು, ಕೆನಡಾ ರಿಯಾಯಿತಿ ಅಲ್ಲಿಗೆ ನಡೆಯಲ್ಲ. ಸೋಮವಾರ ಇಲ್ಲಿ ಅರ್ಜಿ ಕೊಟ್ಟೆ. 'ಇನ್ನಷ್ಟು ವಿಚಾರಣೆ' ಅಂತ ಪಾಸ್‌ಪೋರ್ಟ್ ಇಟ್ಟುಕೊಂಡರು. ಅರ್ಜಿ ಕೊಟ್ಟವನಿಗೆ ಮೂವತ್ತು ದಿನದ ದಾರಿಯೂ ಮುಚ್ಚುತ್ತೆ. ಊರಿಗೆಲ್ಲ ಬುದ್ಧಿ ಹೇಳೋ ಮೇಷ್ಟ್ರು ನಾನು... ಇಲ್ಲಿ ಕೂತಿದ್ದೀನಿ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಬಸ್ ಹತ್ತುತ್ತಿದ್ದಿರಾ?"

ಹತ್ತುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಅಪ್ಪ ಹೇಗಿದ್ದಾರೆ?"

"ಸುಧಾರಿಸಿಕೊಳ್ತಿದ್ದಾರೆ. ಕಂಬದ ಹಿಂದೆ ಯಾಕೆ ನಿಂತೆ ಅಂತ ಬೈದರು."

ಖಾತುನಾಳಿಗೆ ಅಳುವಿನ ನಡುವೆ ನಗು ಬಂತು. "ಬಸ್ಸಿನಲ್ಲಿ ಏನೋ ಹೇಳಬೇಕು ಅಂದಿದ್ರಿ."

"ಬಸ್ಸು ತಪ್ಪಿತಲ್ಲ..."

"ಇಲ್ಲೇ ಹೇಳಿ. ನಾನು ನಾಳೆ ಬೆಳಿಗ್ಗೆವರೆಗೂ ಇರ್ತೀನಿ."

ಅವನು ಹೇಳಿದ. ಮಾಡಿದ್ದು ಒಂದೇ ಭಾಷಣ, ಅದೂ ಮೂರೇ ಮಾತಿನದು. ಚಿಕ್ಕಪ್ಪಂದಿರಿಂದ ಅವನು ಏನೂ ಕಲಿತಿರಲಿಲ್ಲ.

ಖಾತುನಾ ಪಾಸ್‌ಪೋರ್ಟ್ ತೆಗೆದಳು. ಪಿನ್ ನಿಧಾನವಾಗಿ ಬಿಡಿಸಿ, ಬಿಳಿ ಕಾರ್ಡನ್ನು ಅವನ ಅಂಗೈಯಲ್ಲಿಟ್ಟಳು. "ನಾಳೆ ಬಸ್ ಹತ್ತೋವರೆಗೂ ನಿಮ್ಮ ಹತ್ತಿರ ಇರಲಿ. ನಾನೂ ವಾಪಸ್ ಹೋಗ್ತೀನಿ, ನೀವೂ ಬರ್ತೀರಿ. ಅಲ್ಲಿಯವರೆಗೆ ಮಂಗಳವಾರ ಮಂಗಳವಾರ ನಾನೇ ಬರ್ತೀನಿ."

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದನ್ನ ಯಾರಿಗೂ ಕೊಡಬೇಡಿ ಅಂದಿದ್ದೆನಲ್ಲ..."

"ಯಾರಿಗೋ ಎಲ್ಲಿ ಕೊಟ್ಟೆ?" ಎಂದಳು ಅವಳು.